ಅಣುವಿನ ಔಷಧವೂ ಅದನ್ನು ಹಿಡಿಯುವ ಕೈಯೂ

ಬೆಂಗಳೂರಿನಿಂದ ತುಮಕೂರಿಗೆ ಸಂಜೆಯ ಹೊತ್ತು ಬರುವ ರೈಲನ್ನಾಗಲಿ ಬಸ್ಸನ್ನಾಗಲಿ ಹತ್ತಿದವರಿಗೆ, ಆಸ್ಪತ್ರೆಯ ದೊಡ್ಡ ಲಕೋಟೆಯನ್ನು ಎದೆಗವುಚಿಕೊಂಡು ಕುಳಿತ ರೋಗಿಗಳೂ ಅವರ ಬಂಧುಗಳೂ ಕಾಣದ ದಿನವಿಲ್ಲ. ಗುಬ್ಬಿಯ ತೋಟದವರು, ಕುಣಿಗಲಿನ ಕೆರೆಯ ಕೆಳಗಿನ ಗದ್ದೆಯವರು, ತುಮಕೂರಿನ ಕಚೇರಿಯ ಗುಮಾಸ್ತರು, ಎಲ್ಲರೂ ಇವರಲ್ಲುಂಟು. ಕೆಲವು ದಿನಗಳ ಹಿಂದೆ ಗುಬ್ಬಿಯ ಕಡೆಯ ನಮ್ಮ ಪರಿಚಿತರೊಬ್ಬರು ಅಂತಹ ಲಕೋಟೆಯಿಂದ ಒಂದು ಚೀಟಿಯನ್ನು ತೆಗೆದು ನಮ್ಮ ಮುಂದಿಟ್ಟು, “ಸ್ವಾಮಿ, ಇದರಲ್ಲೇನು ಬರೆದಿದೆ, ಸ್ವಲ್ಪ ಓದಿ ಹೇಳಿ” ಎಂದರು. ಅವರ ಮನೆಯಾಕೆಯ ಕೊರಳಿನ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡುತ್ತಿದ್ದುದರಿಂದ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಿಕಿರಣಶೀಲ ಅಯೊಡೀನನ್ನು ಕೊಟ್ಟು ಅದೇ ದಿನ ಮನೆಗೆ ಕಳುಹಿಸಿದ್ದರು. ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೆಲವು ದಿನ ಬೇರೆ ಮಲಗಬೇಕು, ಎಳೆಯ ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಕರೆಯಬಾರದು, ಶೌಚಕ್ಕೆ ಹೋದಾಗ ನೀರನ್ನು ಎರಡು ಬಾರಿ ಬಿಡಬೇಕು, ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಬೇಕು ಎಂದು ಅದರಲ್ಲಿತ್ತು. ನಾವು ಓದಿ ಹೇಳುವ ವೇಳೆಗೆ ನಾಲ್ಕು ರಾತ್ರಿಗಳು ಕಳೆದಿದ್ದುವು. ಆ ನಾಲ್ಕು ರಾತ್ರಿಯೂ ಮೊಮ್ಮಗು ಅಜ್ಜಿಯ ಮಗ್ಗುಲಲ್ಲಿಯೇ ಮಲಗಿತ್ತು. ನೆರೆಮನೆಯವರಾದರೋ ‘ಅಣುಬಾಂಬಿನ ಔಷಧ’ ಎಂಬ ಸುದ್ದಿ ಕೇಳಿ ಆ ಮನೆಯ ಜಗಲಿ ಹತ್ತುವುದನ್ನೇ ಬಿಟ್ಟಿದ್ದರಂತೆ.

ಎಚ್ಚರಿಕೆ ಬೇಕಾದೆಡೆ ಎಚ್ಚರಿಕೆಯಿಲ್ಲ. ಭಯಕ್ಕೆ ಕಾರಣವಿಲ್ಲದೆಡೆ ಭಯ. ಇವೆರಡೂ ಒಂದೇ ಅಜ್ಞಾನದ ಎರಡು ಮುಖಗಳು. ಆ ಮಗುವಿಗೆ ಕೇಡಾಯಿತೆಂದು ನಾವು ಹೇಳುವುದಿಲ್ಲ. ಅಂತಹ ಪ್ರಮಾಣದಿಂದ ತಟ್ಟುವ ಅಪಾಯ ಬಹಳ ಅಲ್ಪ. ಆದರೆ ತಪ್ಪಿಸಬಹುದಾಗಿದ್ದ ಅಲ್ಪವನ್ನು ತಪ್ಪಿಸದೆ ಇದ್ದುದೇಕೆ? ಔಷಧವು ಎಪ್ಪತ್ತು ಮೈಲಿಯಾಚೆಯ ಹಳ್ಳಿಯನ್ನೂ ತಲುಪುತ್ತದೆ, ಅದರ ಜತೆಗೆ ತಲುಪಬೇಕಾದ ತಿಳಿವಳಿಕೆ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿಯೇ ಉಳಿಯುತ್ತದೆ ಎಂದರೆ ಇದರ ಹೊಣೆ ಯಾರದು? ಈ ವಿಷಯದಲ್ಲಿ ನಾಲ್ಕು ಮಾತು ಹೇಳದೆ ನಮಗೆ ನಿರ್ವಾಹವಿಲ್ಲ.

ಮೊದಲಿಗೆ ಈ ವೈದ್ಯವು ಎಂತಹುದೆಂಬುದನ್ನು ತಿಳಿಯಬೇಕು. ರೋಗಿಯ ಶರೀರದೊಳಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ದ್ರವ್ಯವನ್ನು ಸೇರಿಸಿ, ಅದು ಯಾವ ಅಂಗದಲ್ಲಿ ಎಷ್ಟು ನಿಲ್ಲುವುದೆಂಬುದನ್ನು ಹೊರಗಿನ ಯಂತ್ರದಿಂದ ನೋಡುವುದು ಇದರ ಒಂದು ಭಾಗ. ರೋಗವಿರುವ ಜಾಗಕ್ಕೇ ಆ ದ್ರವ್ಯವನ್ನು ಕಳುಹಿಸಿ ರೋಗವನ್ನು ಸುಡುವುದು ಇನ್ನೊಂದು ಭಾಗ. ಹಂಗೇರಿ ದೇಶದ ಹೆವೆಶಿ ಎಂಬ ಪಂಡಿತನು ೧೯೨೩ರಲ್ಲಿ ಗಿಡಗಳ ಮೇಲೆ ಈ ಬಗೆಯ ಪ್ರಯೋಗವನ್ನು ಮೊದಲು ಮಾಡಿದನು. ೧೯೪೧ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಥೈರಾಯ್ಡ್ ರೋಗಿಗೆ ಚಿಕಿತ್ಸೆಗಾಗಿ ವಿಕಿರಣಶೀಲ ಅಯೊಡೀನನ್ನು ಮೊದಲ ಬಾರಿಗೆ ಕೊಡಲಾಯಿತು. ಎಲುಬಿಗೆ ಹರಡಿದ ಅರ್ಬುದವನ್ನು ನೋವು ಕಾಣಿಸಿಕೊಳ್ಳುವ ಮುಂಚೆಯೇ ಗುರುತಿಸುವುದೂ, ಹೃದಯದ ಯಾವ ಭಾಗಕ್ಕೆ ರಕ್ತ ಸಾಲದೆಂದು ಕೊಯ್ಯದೆಯೇ ಹೇಳುವುದೂ ಇದರಿಂದ ಸಾಧ್ಯವಾಗಿವೆ.

ಇದು ಪರದೇಶದಿಂದ ಎರವಲು ತಂದು ಸುಮ್ಮನಾದ ವಿದ್ಯೆಯೂ ಅಲ್ಲ. ಟ್ರಾಂಬೆಯಲ್ಲಿ ‘ಅಪ್ಸರಾ’ ಎಂಬ ಅಣು ಸ್ಥಾವರವು ೧೯೫೬ರ ಆಗಸ್ಟ್ ತಿಂಗಳಲ್ಲಿ ನಡೆಯತೊಡಗಿತು. ೧೯೬೩ರಲ್ಲಿ ಮುಂಬಯಿಯಲ್ಲಿ ವಿಕಿರಣ ವೈದ್ಯ ಕೇಂದ್ರವು ಸ್ಥಾಪಿತವಾಯಿತು. ಥೈರಾಯ್ಡಿಗೆ ಕೊಡುವ ಅಯೊಡೀನ್-೧೩೧, ಅರ್ಬುದಕ್ಕೆ ಕೊಡುವ ಲುಟೇಷಿಯಮ್-೧೭೭ ಮೊದಲಾದುವನ್ನು ಟ್ರಾಂಬೆಯ ‘ಧ್ರುವ’ ಸ್ಥಾವರದಲ್ಲಿ ಸಿದ್ಧಪಡಿಸುತ್ತ ಬಂದಿದ್ದಾರೆ. ಆ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ನಿರ್ದೇಶಕರಾಗಿ, ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿ, ೧೯೭೪ರ ಪೋಖ್ರಾನ್ ಪರೀಕ್ಷೆಯ ಮುಂದಾಳಾಗಿ ದೇಶವಿಖ್ಯಾತರಾದ ರಾಜಾ ರಾಮಣ್ಣನವರು ಹುಟ್ಟಿದ್ದು ೧೯೨೫ರಲ್ಲಿ, ನಮ್ಮ ಜಿಲ್ಲೆಯ ತಿಪಟೂರಿನಲ್ಲಿ. ಅಣುವನ್ನು ಪಳಗಿಸಿದ ಪುರುಷನನ್ನು ಹಡೆದ ಜಿಲ್ಲೆಯಲ್ಲಿ ಅಣುವಿನ ಔಷಧದ ಚೀಟಿಯನ್ನು ಓದಿ ಹೇಳುವವರಿಲ್ಲವೆಂದರೆ ನಾವು ತಲೆ ತಗ್ಗಿಸಬೇಡವೆ?

ಇನ್ನು ಈ ದ್ರವ್ಯದ ಗುಣ. ಬೇರೆ ವಿಷಗಳಿಗೆ ಇಲ್ಲದ ಒಂದು ನಿಯತಿ ಇದಕ್ಕುಂಟು: ತಾನಾಗಿಯೇ ಸವೆಯುವುದು. ಒಂದು ಗೊತ್ತಾದ ಅವಧಿಯಲ್ಲಿ ಅರ್ಧವಾಗುವುದು; ಮತ್ತೆ ಅಷ್ಟೇ ಅವಧಿಯಲ್ಲಿ ಉಳಿದುದರ ಅರ್ಧವಾಗುವುದು. ಇದಕ್ಕೆ ಅರ್ಧಾಯು ಎಂದು ಹೆಸರು. ಅಯೊಡೀನ್-೧೩೧ರ ಅರ್ಧಾಯು ೮ ದಿನ. ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸುವ ಟೆಕ್ನೀಷಿಯಮ್-೯೯ಎಂ ಎಂಬುದರದು ೬ ಗಂಟೆ. ಫ್ಲೋರೀನ್-೧೮ರದು ೧೧೦ ನಿಮಿಷ. ಹತ್ತು ಅರ್ಧಾಯುಗಳು ಕಳೆದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಅಯೊಡೀನ್ ತಗುಲಿದ ಕಸವನ್ನು ೮೦ ದಿನ ಸೀಸದ ಮರೆಯಲ್ಲಿ ಬೀಗ ಹಾಕಿಟ್ಟು, ಅಳೆದು ನೋಡಿ, ಅನಂತರ ಹೊರಗೆ ಹಾಕಿದರೆ ಯಾರಿಗೂ ಕೇಡಿಲ್ಲ. ಅದನ್ನೇ ಮೊದಲ ದಿನ ಬೀದಿಯ ತೊಟ್ಟಿಗೆ ಎಸೆದರೆ ಅದು ಅಪರಾಧ. ಇವೆರಡರ ನಡುವಣ ಅಂತರವೆಲ್ಲ ತಾಳ್ಮೆಯದೂ ಶಿಸ್ತಿನದೂ ಆಗಿದೆ.

ಆದರೆ ಇದೇ ಗುಣವು ಕೆಲಸಗಾರನನ್ನು ಆತುರಕ್ಕೂ ಈಡುಮಾಡುತ್ತದೆ. ಬೆಂಗಳೂರಿನಲ್ಲಿ ಸಿದ್ಧವಾದ ಫ್ಲೋರೀನ್-೧೮ ಸುಮಾರು ೭೦ ಕಿಲೋಮೀಟರು ದೂರದ ತುಮಕೂರಿಗೆ ಎರಡು ಗಂಟೆಯಲ್ಲಿ ಬಂದಿತೆಂದರೆ, ಇಳಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿರುವುದು. ಟೆಕ್ನೀಷಿಯಮ್ಮಿಗಾದರೆ ಆಸ್ಪತ್ರೆಯೊಳಗೇ ಒಂದು ಸಾಧನವಿಟ್ಟು, ಅದರಲ್ಲಿರುವ ಮಾಲಿಬ್ಡಿನಮ್ಮಿನಿಂದ ಹುಟ್ಟಿದ ದ್ರವ್ಯವನ್ನು ಬೆಳಗ್ಗೆ ಉಪ್ಪುನೀರಿನಿಂದ ಇಳಿಸಿಕೊಳ್ಳುತ್ತಾರೆ. ಈ ಕಸುಬಿನವರು ಆ ಸಾಧನವನ್ನು ‘ಹಸು’ ಎಂದೂ, ಈ ಕೆಲಸವನ್ನು ಹಾಲು ಕರೆಯುವುದೆಂದೂ ಹೇಳುವುದುಂಟು. ಕರೆದ ಹಾಲನ್ನು ಕೆಡುವ ಮುನ್ನ ಬಳಸಬೇಕು, ಹೊರಗೆ ರೋಗಿಗಳು ಕಾದಿರುತ್ತಾರೆ, ಗಡಿಯಾರವು ನಿಲ್ಲುವುದಿಲ್ಲ. ಇಂತಹ ಕೆಲಸದಲ್ಲಿ ಕೈ ಚುರುಕಾಗಿಯೂ ಇರಬೇಕು, ತಪ್ಪಲೂ ಕೂಡದು. ಹೊಸಬನು ಬಣ್ಣದ ನೀರಿನಲ್ಲಿ ಹತ್ತಾರು ಬಾರಿ ಅಭ್ಯಾಸ ಮಾಡಿದಮೇಲೆಯೇ ನಿಜವಾದ ದ್ರವ್ಯವನ್ನು ಮುಟ್ಟಬೇಕೆಂಬ ಪದ್ಧತಿ ಬಂದದ್ದು ಇದಕ್ಕಾಗಿಯೇ.

ಎಚ್ಚರಿಕೆಯಿಲ್ಲದೆ ಮುಟ್ಟಿದವರ ಕಥೆಯನ್ನು ಚರಿತ್ರೆಯು ಬರೆದಿಟ್ಟಿದೆ. ವಿಕಿರಣವನ್ನು ಕಂಡುಹಿಡಿದ ಬೆಕೆರೆಲ್ ಎಂಬ ಫ್ರೆಂಚ್ ಪಂಡಿತನು ೧೯೦೧ರಲ್ಲಿ ರೇಡಿಯಮ್ಮಿನ ಕೊಳವೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿ ಮೈ ಸುಟ್ಟುಕೊಂಡನು. ಮೇಡಮ್ ಕ್ಯೂರಿಯು ೧೯೩೪ರಲ್ಲಿ ರಕ್ತದ ರೋಗದಿಂದ ತೀರಿಕೊಂಡಳು. ಇವರಾದರೂ ಪಂಡಿತರು, ಲೋಕವು ಇವರ ಹೆಸರನ್ನು ನೆನೆಯುತ್ತದೆ. ಅಮೆರಿಕದಲ್ಲಿ ಗಡಿಯಾರದ ಮುಖಗಳಿಗೆ ರೇಡಿಯಮ್ಮಿನ ಬಣ್ಣ ಬಳಿಯುತ್ತಿದ್ದ ಬಡ ಹುಡುಗಿಯರು, ಕುಂಚವನ್ನು ತುಟಿಯಲ್ಲಿಟ್ಟು ಮೊನೆಮಾಡಿಕೊಳ್ಳುತ್ತ, ದವಡೆಯ ಎಲುಬು ಕೊಳೆತು ಸತ್ತರು. ಆ ದ್ರವ್ಯದಿಂದ ಕೇಡಿಲ್ಲವೆಂದು ಅವರಿಗೆ ಹೇಳಲಾಗಿತ್ತು. ತಿಳಿದವರು ತಿಳಿಯದವರಿಗೆ ಹೇಳದಿದ್ದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹಾಗೆಂದು ರಕ್ಷಣೆಯ ಮಾರ್ಗವು ಗಹನವಾದುದಲ್ಲ. ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದು. ಕಾಲ, ದೂರ, ಮರೆ. ದ್ರವ್ಯದ ಬಳಿ ಇರುವ ಕಾಲವನ್ನು ಅರ್ಧಮಾಡಿದರೆ ತಗಲುವ ವಿಕಿರಣವೂ ಅರ್ಧವಾಗುವುದು. ದೂರವನ್ನು ಇಮ್ಮಡಿಮಾಡಿದರೆ ಅದು ಕಾಲುಪಾಲಿಗೆ ಇಳಿಯುವುದು; ಬೆರಳಿನಿಂದ ಹಿಡಿಯುವ ಸೀಸೆಯನ್ನು ಇಕ್ಕಳದಿಂದ ಹಿಡಿದರೆ ಕೈಗೆ ಆಗುವ ಲಾಭವು ಇದರಿಂದಲೇ ತಿಳಿಯುತ್ತದೆ. ಮೂರನೆಯದು ಸೀಸದ ಅಥವಾ ಟಂಗ್‌ಸ್ಟನ್ನಿನ ಮರೆ. ಇಲ್ಲಿ ಒಂದು ಭ್ರಮೆಯನ್ನು ಬಿಡಿಸಬೇಕಾಗಿದೆ. ಕ್ಷ-ಕಿರಣದ ಕೋಣೆಯಲ್ಲಿ ತೊಡುವ ಸೀಸದ ಅಂಗಿಯನ್ನು ತೊಟ್ಟುಬಿಟ್ಟರೆ ಎಲ್ಲ ವಿಕಿರಣದಿಂದಲೂ ಪಾರಾದಂತೆ ಎಂದು ನಂಬುವವರು ಬಹಳ ಮಂದಿ ಇದ್ದಾರೆ. ಅಯೊಡೀನ್-೧೩೧ರ ಕಿರಣವೂ ಫ್ಲೋರೀನ್-೧೮ರ ಕಿರಣವೂ ಆ ತೆಳ್ಳನೆಯ ಅಂಗಿಯನ್ನು ಬಹುಮಟ್ಟಿಗೆ ತಡೆಯಿಲ್ಲದೆ ದಾಟುತ್ತವೆ. ಅಲ್ಲಿ ಕಾಯತಕ್ಕದ್ದು ಮೇಜಿನ ಮೇಲಿನ ದಪ್ಪ ಸೀಸದ ಇಟ್ಟಿಗೆಯೇ ಹೊರತು ಮೈಮೇಲಿನ ಅಂಗಿಯಲ್ಲ. ಇವುಗಳ ಜತೆಗೆ, ದ್ರವ್ಯವು ಮೈಯೊಳಕ್ಕೆ ಹೋಗದಂತೆ ನೋಡಿಕೊಳ್ಳುವುದೂ ಒಂದುಂಟು: ಕೈಗವಸು, ಆವಿಯನ್ನು ಸೆಳೆದುಕೊಳ್ಳುವ ಕಪಾಟು, ಆ ಕೋಣೆಯಲ್ಲಿ ಊಟ ತಿಂಡಿ ಎಲೆಯಡಿಕೆಗಳ ನಿಷೇಧ, ಹೊರಡುವಾಗ ಕೈಕಾಲುಗಳನ್ನು ಯಂತ್ರದಿಂದ ಅಳೆದು ನೋಡುವುದು.

ನಿಯಮಗಳೂ ಇಲ್ಲದಿಲ್ಲ. ೧೯೬೨ರ ಅಣುಶಕ್ತಿ ಶಾಸನದ ಆಧಾರದ ಮೇಲೆ ೧೯೮೩ರ ನವೆಂಬರ್ ೧೫ರಂದು ಅಣುಶಕ್ತಿ ನಿಯಂತ್ರಣ ಮಂಡಳಿಯು ಸ್ಥಾಪಿತವಾಯಿತು. ೨೦೦೪ರಲ್ಲಿ ವಿಕಿರಣ ರಕ್ಷಣೆಯ ನಿಯಮಾವಳಿಯು ಹೊರಟಿತು. ವಿಕಿರಣದ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ ೩೦ಕ್ಕೆ ಮೀರಕೂಡದು. ಸಾರ್ವಜನಿಕರಿಗೆ ವರ್ಷಕ್ಕೆ ೧ ಮಾತ್ರ ಎಂದು ಮಂಡಳಿಯವರು ಮಿತಿ ಕಟ್ಟಿದ್ದಾರೆ. ನಮ್ಮ ನೆಲ, ಬಂಡೆ, ಗಾಳಿ, ಆಹಾರಗಳಿಂದಲೇ ಮನುಷ್ಯಮಾತ್ರನಿಗೆ ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು ೨.೪ ಮಿಲಿಸೀವರ್ಟ್ ತಗಲುತ್ತದೆಂಬುದನ್ನು ನೆನೆದರೆ, ಈ ಮಿತಿಗಳ ಅಳತೆ ತಿಳಿದೀತು. ಹೆಚ್ಚು ಪ್ರಮಾಣದ ಅಯೊಡೀನ್ ಕುಡಿದವನನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ, ಅವನಿಂದ ಒಂದು ಮೀಟರು ದೂರದಲ್ಲಿ ಅಳೆದ ವಿಕಿರಣವು ಗೊತ್ತಾದ ಮಟ್ಟಕ್ಕೆ ಇಳಿದಮೇಲೆಯೇ ಮನೆಗೆ ಬಿಡಬೇಕು. ಆ ಕೋಣೆಯ ಶೌಚದ ನೀರನ್ನು ತೊಟ್ಟಿಯಲ್ಲಿ ತಡೆದಿಟ್ಟು ಕಾಲಾನಂತರ ಬಿಡಬೇಕು. ಕೆಲಸಗಾರನ ಎದೆಯ ಮೇಲೆ ಒಂದು ಬ್ಯಾಡ್ಜಿರಬೇಕು. ಅದನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳುಹಿಸಿ ಅವನಿಗೆ ತಗಲಿದ್ದೆಷ್ಟೆಂದು ಲೆಕ್ಕವಿಡಬೇಕು.

ಈ ಲೆಕ್ಕವು ಬರಿಯ ಕಾಗದದ ಆಡಂಬರವೆಂದು ಯಾರೂ ತಿಳಿಯಬಾರದು. ೨೦೦೯ರ ನವೆಂಬರಿನಲ್ಲಿ ನಮ್ಮ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಯಾರೋ ದುರಾತ್ಮರು ಟ್ರಿಟಿಯಮ್ ಬೆರೆತ ಭಾರಜಲವನ್ನು ಕುಡಿಯುವ ನೀರಿನ ಪಾತ್ರೆಗೆ ಸೇರಿಸಿದ್ದರಿಂದ ಹತ್ತಾರು ನೌಕರರ ಶರೀರಕ್ಕೆ ಆ ದ್ರವ್ಯವು ಹೋಯಿತು. ಅದು ಬಯಲಾದುದು ಹೇಗೆ? ನೌಕರರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿ ಅಲ್ಲಿದ್ದುದರಿಂದ. ಪರೀಕ್ಷೆಯಿಲ್ಲದಿದ್ದರೆ ಅವರು ದಿನದಿನವೂ ಕುಡಿಯುತ್ತಲೇ ಇರುತ್ತಿದ್ದರು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಳೆಯುವುದೊಂದೇ ಅದನ್ನು ಕಾಣುವ ಕಣ್ಣು.

ಹೀಗಿರುವಲ್ಲಿ ನಮ್ಮ ಆಕ್ಷೇಪಣೆ ಏನೆಂದು ವಾಚಕರು ಕೇಳಬಹುದು. ನಿಯಮವು ವೈದ್ಯನನ್ನು ತಲುಪಿದೆ. ಶಿಕ್ಷಣ ಪಡೆದ ತಂತ್ರಜ್ಞನನ್ನು ತಲುಪಿದೆ. ವಿಕಿರಣ ಸುರಕ್ಷತಾಧಿಕಾರಿಯ ಕಡತದಲ್ಲಿ ಭದ್ರವಾಗಿದೆ. ಆದರೆ ಸರಪಣಿಯು ಅಲ್ಲಿಗೆ ಮುಗಿಯುವುದಿಲ್ಲ. ರೋಗಿ ವಾಂತಿಮಾಡಿಕೊಂಡರೆ ಒರೆಸುವ ಆಯಾ, ಹಾಸಿಗೆಯ ಬಟ್ಟೆಯನ್ನು ಒಯ್ಯುವ ಅಗಸ, ನೆಲ ಸಾರಿಸುವ ಗುತ್ತಿಗೆಯ ಹೆಂಗಸು, ಪೆಟ್ಟಿಗೆಯನ್ನು ಇಳಿಸುವ ವಾಹನ ಚಾಲಕ, ಮನೆಯಲ್ಲಿ ಗಂಜಿ ಕೊಡುವ ಸೊಸೆ ಇವರೆಲ್ಲರೂ ಆ ಸರಪಣಿಯ ಕೊಂಡಿಗಳೇ. ಇಂದು ಒಂದು ಆಸ್ಪತ್ರೆಯಲ್ಲಿದ್ದು ನಾಳೆ ಇನ್ನೊಂದಕ್ಕೆ ಹೋಗುವ ಗುತ್ತಿಗೆ ಆಳಿಗೆ ಬಾಗಿಲ ಮೇಲಿನ ಮೂರು ಎಸಳಿನ ಚಿಹ್ನೆಯ ಅರ್ಥವನ್ನು ಅವನ ಮಾತಿನಲ್ಲಿ ಹೇಳುವವರಾರು? ಬಸುರಿಯಾದ ಆಯಾ ಆ ಸಂಗತಿಯನ್ನು ಕೂಡಲೆ ತಿಳಿಸಿದರೆ ಅವಳ ಕೆಲಸವನ್ನು ಬದಲಾಯಿಸಿ ಗರ್ಭವನ್ನು ರಕ್ಷಿಸಬೇಕೆಂದಿದೆ. ತಿಳಿಸಿದರೆ ಅನ್ನ ಹೋದೀತೆಂಬ ಅಂಜಿಕೆ ಅವಳಿಗಿದ್ದರೆ ಆ ನಿಯಮದಿಂದ ಪ್ರಯೋಜನವೇನು? ಸರಪಣಿಯ ಬಲವು ಅದರ ಅತಿ ದುರ್ಬಲವಾದ ಕೊಂಡಿಯಲ್ಲಿರುವುದೆಂದು ಬಾವಿಯಿಂದ ನೀರು ಸೇದಿದ ಯಾರಿಗೂ ಹೇಳಬೇಕಾಗಿಲ್ಲ.

ಕೊನೆಯ ಕೊಂಡಿಯನ್ನು ಮರೆತುದರ ಫಲವನ್ನು ನಮ್ಮ ದೇಶವು ಕಣ್ಣಾರೆ ಕಂಡಿದೆ. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-೬೦ರ ಯಂತ್ರವೊಂದನ್ನು ೨೦೧೦ರಲ್ಲಿ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಅಂಗಡಿಗಳಿಗೆ ಹೋಯಿತು. ಏನೆಂದು ತಿಳಿಯದೆ ಅದನ್ನು ಕತ್ತರಿಸಿದರು. ಒಬ್ಬ ಕೆಲಸಗಾರನು ಸತ್ತನು, ಇನ್ನು ಕೆಲವರು ತೀವ್ರವಾಗಿ ನೊಂದರು. ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ ೧೯೮೭ರಲ್ಲಿ ಆದುದು ಇದಕ್ಕಿಂತ ಘೋರ. ಬಿಟ್ಟುಹೋದ ಚಿಕಿತ್ಸಾಲಯವೊಂದರಿಂದ ಇಬ್ಬರು ಸೀಸಿಯಮ್-೧೩೭ ಇದ್ದ ಯಂತ್ರಭಾಗವನ್ನು ಹೊತ್ತೊಯ್ದರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಪುಡಿಯನ್ನು ನೆಂಟರಿಷ್ಟರಿಗೆ ಹಂಚಿದರು. ನಾಲ್ವರು ಸತ್ತರು, ೨೪೯ ಮಂದಿಯಲ್ಲಿ ದ್ರವ್ಯದ ಸೋಂಕು ಕಂಡುಬಂದಿತು, ಲಕ್ಷಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಬೇಕಾಯಿತು. ಈ ಎರಡು ಯಂತ್ರಗಳೂ ನಾವು ಮೇಲೆ ಹೇಳಿದ ಅಲ್ಪಾಯುವಿನ ಔಷಧಗಳಲ್ಲ, ನಿಜ. ಅವು ಬಹುಪಾಲು ಬಲಶಾಲಿಯಾದುವು. ಆದರೆ ಎರಡೆಡೆಯಲ್ಲಿಯೂ ಸತ್ತವರು ವಿಜ್ಞಾನದ ತಪ್ಪಿನಿಂದ ಸಾಯಲಿಲ್ಲ. ತಮ್ಮ ಕೈಯಲ್ಲಿರುವುದು ಏನೆಂದು ಯಾರೂ ಹೇಳದಿದ್ದುದರಿಂದ ಸತ್ತರು. ತುಮಕೂರಿನ ಗುಜರಿ ಅಂಗಡಿಯವನು ಆ ಮೂರೆಸಳಿನ ಚಿಹ್ನೆಯನ್ನು ಕಂಡರೆ ಕೈ ಹಿಂದೆಗೆಯುವನೆಂದು ನಾವು ಎದೆ ತಟ್ಟಿ ಹೇಳಬಲ್ಲೆವೆ?

ಇಷ್ಟೆಲ್ಲ ಬಿಡಿಸಿ ಹೇಳಿದರೆ ಜನರು ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು ಎಂಬ ವಾದವೊಂದುಂಟು. ಈ ವಾದವನ್ನು ಹೂಡುವವರು ಜನರ ಬುದ್ಧಿಯನ್ನು ಕೀಳಂದಾಜು ಮಾಡುತ್ತಾರೆ. ಅಡಿಗೆಮನೆಯಲ್ಲಿ ಅನಿಲದ ಸಿಲಿಂಡರು, ತೋಟದಲ್ಲಿ ವಿದ್ಯುತ್ತಿನ ಪಂಪು, ಹೊಲದಲ್ಲಿ ಕೀಟನಾಶಕ, ಇವೆಲ್ಲವನ್ನೂ ನಮ್ಮ ರೈತನು ಬಳಸಲು ಕಲಿತದ್ದು ಅವುಗಳ ಅಪಾಯವನ್ನು ಮುಚ್ಚಿಟ್ಟುದರಿಂದಲೋ, ತಿಳಿದುಕೊಂಡುದರಿಂದಲೋ? ಮುಚ್ಚಿಟ್ಟಲ್ಲಿ ವದಂತಿ ಹುಟ್ಟುತ್ತದೆ; ವದಂತಿಯು ಜಗಲಿ ಹತ್ತುವುದನ್ನು ಬಿಡಿಸುತ್ತದೆ. ಖರ್ಚಿನ ಮಾತನ್ನೆತ್ತುವವರಿಗೆ ನಮ್ಮ ಉತ್ತರವಿಷ್ಟೆ: ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಕೊಳ್ಳಬಲ್ಲವರಿಗೆ ಒಂದು ಹಾಳೆಯ ಕನ್ನಡ ಚೀಟಿಯನ್ನು ಅಚ್ಚುಹಾಕಿಸುವುದು ಭಾರವಾಗಲಾರದು.

ಆದುದರಿಂದ ನಾವು ಕೇಳುವುದು ಇಷ್ಟು. ಮೊದಲನೆಯದಾಗಿ, ಕರ್ನಾಟಕದ ಯಾವ ಆಸ್ಪತ್ರೆಯಲ್ಲಿಯೇ ಆಗಲಿ, ಸರಕಾರದ್ದಾಗಲಿ ಖಾಸಗಿಯಾಗಲಿ, ವಿಕಿರಣಶೀಲ ಔಷಧವನ್ನು ತೆಗೆದುಕೊಂಡು ಮನೆಗೆ ಹೊರಡುವ ರೋಗಿಗೆ ಕನ್ನಡದಲ್ಲಿ ಬರೆದ ಸೂಚನೆಯನ್ನು ಕೊಟ್ಟು, ಓದಲು ಬಾರದವರಿಗೆ ಬಾಯಲ್ಲಿ ಹೇಳಿ, ತಿಳಿಯಿತೆಂದು ಅವರ ಬಾಯಿಂದಲೇ ಕೇಳಿ ಕಳುಹಿಸಬೇಕು. ಎರಡನೆಯದಾಗಿ, ವಿಭಾಗದೊಳಕ್ಕೆ ಕಾಲಿಡುವ ಪ್ರತಿಯೊಬ್ಬ ಆಳಿಗೂ, ಗುತ್ತಿಗೆಯವನಿಗೂ ಕೂಡ, ಅವನ ಭಾಷೆಯಲ್ಲಿ ಶಿಕ್ಷಣ ಕೊಡಬೇಕು. ಬ್ಯಾಡ್ಜು ತೊಟ್ಟವನಿಗೆ ಅದರ ಫಲಿತಾಂಶವನ್ನು ತಿಳಿಸಬೇಕು. ಅದು ಅವನ ಮೈಯ ಲೆಕ್ಕ, ಕಡತದ ಸ್ವತ್ತಲ್ಲ. ಮೂರನೆಯದಾಗಿ, ಪಾಲಿಕೆ, ಪುರಸಭೆ, ಪಂಚಾಯಿತಿಗಳವರು ತಮ್ಮ ಕಸದ ಗಾಡಿಯವರಿಗೂ, ಅಗ್ನಿಶಾಮಕ ದಳದವರಿಗೂ, ಗುಜರಿ ವ್ಯಾಪಾರಿಗಳಿಗೂ ಆ ಚಿಹ್ನೆಯನ್ನು ತೋರಿಸಿ, ಕಂಡರೆ ಮುಟ್ಟದೆ ದೂರ ಸರಿದು ಪೋಲೀಸಿನವರಿಗೆ ತಿಳಿಸಬೇಕೆಂದು ಕಲಿಸಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು.

ನಾಲ್ಕನೆಯದು ನಮ್ಮ ತರುಣರಿಗೆ ಸಂಬಂಧಪಟ್ಟುದು. ೧೯೭೩ರಿಂದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿ ಅರ್ಬುದ ರೋಗಿಗಳ ಸೇವೆ ಮಾಡುತ್ತಿದೆ. ಮಣಿಪಾಲದಲ್ಲಿ ಅಣುವೈದ್ಯದ ತಂತ್ರವಿದ್ಯೆಗೆ ಪದವಿ ಶಿಕ್ಷಣವೇ ಉಂಟು. ತುಮಕೂರಿನಲ್ಲಿ ೧೯೮೮ರಿಂದ ಸಿದ್ಧಾರ್ಥ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕುಣಿಗಲಿನ ರೋಗಿಯು ಪರೀಕ್ಷೆಗೊಮ್ಮೆ ಚಿಕಿತ್ಸೆಗೊಮ್ಮೆ ರಾಜಧಾನಿಗೆ ಅಲೆಯುವುದು ತಪ್ಪಬೇಕಾದರೆ ಈ ವಿಭಾಗಗಳು ಜಿಲ್ಲೆಜಿಲ್ಲೆಗಳಲ್ಲಿ ಹೆಚ್ಚಬೇಕು. ಅವು ಹೆಚ್ಚಿದಾಗ ಕೆಲಸಕ್ಕೆ ಯಾರು ಬೇಕು? ಭೌತಶಾಸ್ತ್ರವನ್ನು ಓದಿ ಕೆಲಸವಿಲ್ಲದೆ ಕುಳಿತ ನಮ್ಮ ಗುಬ್ಬಿ, ಕುಣಿಗಲಿನ ಮಕ್ಕಳು ಏಕಾಗಬಾರದು? ಯಂತ್ರವನ್ನು ತಂದಮೇಲೆ ಕೆಲಸಗಾರನನ್ನು ಹುಡುಕುವುದು ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡಿದಂತೆ. ಕೆಲಸಗಾರನು ಮೊದಲು ಸಿದ್ಧನಾಗಬೇಕು. ಯಂತ್ರವು ಅವನ ಹಿಂದೆ ಬರಬೇಕು.

ಕುಣಿಗಲಿನ ಕುದುರೆ ಫಾರಮಿನ ಹೆಸರು ಟಿಪ್ಪುವಿನ ಕಾಲದಿಂದಲೂ ದೇಶದಲ್ಲಿ ಪ್ರಸಿದ್ಧ. ಕುದುರೆಗೆ ಹೆದರಿ ದೂರ ನಿಂತವರಿಂದ ಆ ಹೆಸರು ಬರಲಿಲ್ಲ. ಕಣ್ಣು ಮುಚ್ಚಿ ಅದರ ಹಿಂಗಾಲಿನ ಬಳಿಗೆ ಹೋದವರಿಂದಲೂ ಬರಲಿಲ್ಲ. ಪ್ರಾಣಿಯ ಸ್ವಭಾವವನ್ನು ತಿಳಿದು, ಲಾಯದ ಹುಡುಗನಿಗೂ ಅದನ್ನು ಕಲಿಸಿದವರಿಂದ ಬಂತು. ಅಣುವಿನ ಔಷಧವೂ ಅಂತಹುದೇ ಒಂದು ಜಾತಿಯ ಕುದುರೆ. ಅದರ ಲಗಾಮನ್ನು ಟ್ರಾಂಬೆಯ ಪಂಡಿತರ ಕೈಯಲ್ಲಿ ಮಾತ್ರವಲ್ಲದೆ ಆಸ್ಪತ್ರೆಯ ಆಯಾಳ ಕೈಯಲ್ಲಿಯೂ, ಗುಬ್ಬಿಯ ಆ ಮನೆಯವರ ಕೈಯಲ್ಲಿಯೂ ಇಡುವುದು ಸರಕಾರದವರ, ಆಸ್ಪತ್ರೆಯವರ ಹಾಗೂ ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ. ಮುಂದಿನ ಬಾರಿ ಅಂತಹ ಚೀಟಿಯೊಂದನ್ನು ಹಿಡಿದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಸರಕಾರವು ಎಚ್ಚರಗೊಳ್ಳುವವರೆಗೆ ಕಾಯದೆ, ಜಗಲಿಯ ಮೇಲೆ ಕೂಡಿಸಿಕೊಂಡು ಅದನ್ನು ಓದಿ ಹೇಳಿರೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ.